‘ಮಿ’ ಮುಂದೆ ‘ಟು’ ಯಾಕೆ?

ಯಾರಾದರೂ ‘ಸರ್, ಎಕ್ಸ್‌ಪ್ಲೇನ್ ಮಿ’ ಅಂದರೆ ನಗಬೇಡಿ. ಕನ್ನಡದಲ್ಲಿ ನನಗೆ ಹೇಳು, ನನಗೆ ಕೊಡು, ನನಗೆ ವಿವರಿಸು, ಎಲ್ಲದಕ್ಕೂ ಒಂದೇ ‘ನನಗೆ’ ಸಾಕು. ಇಂಗ್ಲಿಷಿನಲ್ಲಿ ‘ಟೆಲ್ ಮಿ’, ‘ಗಿವ್ ಮಿ’ ಸರಿ. ‘ಸೇ’, ‘ಎಕ್ಸ್‌ಪ್ಲೇನ್’ ಬಂದರೆ ಮಾತ್ರ ‘ಟು ಮಿ’ ಆಗಬೇಕು. ‘ಪಿಕ್ ಅಪ್ ದ ಪೆನ್’ ನಡೆಯುತ್ತೆ, ಆದರೆ ಪೆನ್ನಿನ ಜಾಗಕ್ಕೆ ‘ಇಟ್’ ಬಂದರೆ ಅದು ನಡುವೆಯೇ ಕೂರಬೇಕು: ‘ಪಿಕ್ ಇಟ್ ಅಪ್’. (ಎರಡಕ್ಷರದ ಇಟ್‌ಗೆ ಎಷ್ಟು ಹಠ ನೋಡಿ!)

‘ಟೆಲ್ ಅಂದರೆ ಹೇಳು, ಸೇ ಅಂದರೆ ಹೇಳು’ ಎಂದು ಬಾಯಿಪಾಠ ಮಾಡಿದರೆ ಇದು ಹೇಗೆ ಗೊತ್ತಾಗಬೇಕು? ಪದಗಳ ಪಟ್ಟಿಯಲ್ಲೇ ‘ಟೆಲ್ ಮಿ’, ‘ಸೇ ಟು ಮಿ’ ಎಂದು ಜೊತೆಜೊತೆಗೇ ಬರೆಸಬೇಕು ಅನ್ನೋದು ನನ್ನ ಅಭಿಪ್ರಾಯ. ಇನ್ನು ನಗುವವರಿಗೆ ಒಂದು ಮಾತು: ಒಮ್ಮೆ ನಕ್ಕರೆ ಆ ಹುಡುಗ ಗಣಿತದ ಪಿರಿಯಡ್‌ನಲ್ಲೂ ಕೈ ಎತ್ತೋದಿಲ್ಲ.