ಒಂದು ರೂಪಾಯಿಯ ದಂಡ

ಪ್ರತಿವರ್ಷ ಜೂನ್ ತಿಂಗಳಲ್ಲಿ ಐ.ಐ.ಟಿ. ಪ್ರವೇಶ ಪರೀಕ್ಷೆಯ ಫಲಿತಾಂಶ ಪ್ರಕಟವಾದೊಡನೆ ಅಂಕಿ ಅಂಶಗಳ ಮೆರವಣಿಗೆ ಹೊರಡುತ್ತದೆ. 2024ರಲ್ಲಿ ಜೆ.ಇ.ಇ. ಮುಖ್ಯ ಪರೀಕ್ಷೆ ಬರೆದವರು 14 ಲಕ್ಷಕ್ಕೂ ಅಧಿಕ, ಎರಡನೆಯ ಹಂತವಾದ ಅಡ್ವಾನ್ಸ್ಡ್ ಪರೀಕ್ಷೆಗೆ ಕುಳಿತವರು 1,80,200, ಅರ್ಹರಾದವರು 48,248, ಇದ್ದ ಸ್ಥಾನಗಳು 17,740. ಅರ್ಹತೆ ಪಡೆದೂ ಸ್ಥಾನವಿಲ್ಲದವರು 30 ಸಾವಿರಕ್ಕೂ ಮಿಗಿಲು. ಈ ಸಂಖ್ಯೆಗಳನ್ನು ಬಾಯಿಪಾಠ ಮಾಡಿರುವ ತಂದೆತಾಯಿಗಳು ಮನೆಮನೆಗಳಲ್ಲಿ ಸಿಗುತ್ತಾರೆ. ಜಮಾ ಪುಟವನ್ನು ಇಷ್ಟು ಶ್ರದ್ಧೆಯಿಂದ ಓದುವವರು ಖರ್ಚಿನ ಪುಟವನ್ನು ಮಾತ್ರ ತಿರುವಿ ನೋಡುವುದಿಲ್ಲ.

2013ಕ್ಕೆ ಮುಂಚೆ ಐ.ಐ.ಟಿ.ಗಳ ಬೋಧನಾ ಶುಲ್ಕ ವರ್ಷಕ್ಕೆ 50 ಸಾವಿರ ರೂಪಾಯಿ ಇದ್ದಿತು. ಆ ವರ್ಷ ಅದು 90 ಸಾವಿರವಾಯಿತು. ಧಾರವಾಡದಲ್ಲಿ ಐ.ಐ.ಟಿ. ಆರಂಭವಾದ 2016ರಲ್ಲಿಯೇ 2 ಲಕ್ಷಕ್ಕೆ ಏರಿತು. ಜೊತೆಗೆ ವಿನಾಯಿತಿಗಳನ್ನೂ ಗೊತ್ತುಮಾಡಲಾಯಿತು: ಪರಿಶಿಷ್ಟ ಜಾತಿ, ಪಂಗಡಗಳ ಹಾಗೂ ಅಂಗವಿಕಲ ವಿದ್ಯಾರ್ಥಿಗಳಿಗೂ, ವರ್ಷಕ್ಕೆ 1 ಲಕ್ಷಕ್ಕಿಂತ ಕಡಿಮೆ ಆದಾಯವುಳ್ಳ ಕುಟುಂಬದ ಮಕ್ಕಳಿಗೂ ಪೂರ್ಣ ಶುಲ್ಕ ಮಾಫಿ, 1ರಿಂದ 5 ಲಕ್ಷದವರೆಗಿನ ಆದಾಯದವರಿಗೆ ಮೂರರಲ್ಲಿ ಎರಡು ಪಾಲು ಮಾಫಿ. ಇಷ್ಟರ ಮಟ್ಟಿಗೆ ಇದು ಶ್ಲಾಘನೀಯವೇ. ಸರ್ಕಾರ ಪ್ರತಿಯೊಬ್ಬ ವಿದ್ಯಾರ್ಥಿಗೂ ಶುಲ್ಕಕ್ಕಿಂತ ಬಹಳ ಹೆಚ್ಚು ವೆಚ್ಚ ಮಾಡುತ್ತದೆಂಬುದೂ ನಿಜ. ಉಳ್ಳವರು 2 ಲಕ್ಷ ಕೊಡಲಿ, ಅದಕ್ಕೆ ಯಾರ ತಕರಾರೂ ಇರಲಾರದು.

ತಕರಾರು ಇರುವುದು ಆ 5 ಲಕ್ಷದ ಗೆರೆಯ ಬಗ್ಗೆ. ಸರಿಯಾಗಿ 5 ಲಕ್ಷ ಗಳಿಸುವ ಕುಟುಂಬ ವರ್ಷಕ್ಕೆ ಸುಮಾರು 67 ಸಾವಿರ ಕಟ್ಟುತ್ತದೆ. ಗಳಿಕೆ ಒಂದು ರೂಪಾಯಿ ಹೆಚ್ಚಾದರೆ ಕಟ್ಟಬೇಕಾದದ್ದು 2 ಲಕ್ಷ. ನಾಲ್ಕು ವರ್ಷಗಳಲ್ಲಿ ಆ ಒಂದು ರೂಪಾಯಿಯ ಬೆಲೆ 5 ಲಕ್ಷದ 33 ಸಾವಿರ! ಆದಾಯ ತೆರಿಗೆಯವರೂ ಮಿತಿ ಮೀರಿದ ಭಾಗಕ್ಕೆ ಮಾತ್ರ ಹೆಚ್ಚಿನ ದರ ಹಾಕುತ್ತಾರೆಂಬುದು ಅಂಗಡಿ ಇಟ್ಟವರಿಗೆಲ್ಲ ತಿಳಿದ ಸಂಗತಿ. ಇನ್ನೂ ವಿಚಿತ್ರವೆಂದರೆ, 2019ರಲ್ಲಿ ಮೇಲ್ವರ್ಗಗಳ ಆರ್ಥಿಕ ದುರ್ಬಲರಿಗೆ ಶೇ. 10 ಮೀಸಲಾತಿ ತಂದಾಗ ಕೇಂದ್ರ ಸರ್ಕಾರವೇ ದೌರ್ಬಲ್ಯದ ಮಿತಿಯನ್ನು 8 ಲಕ್ಷವೆಂದು ನಿರ್ಧರಿಸಿತು. ಹೀಗಾಗಿ 6 ಲಕ್ಷ ಆದಾಯದ ಮನೆಯ ಹುಡುಗ ಬಡವನೆಂದು ಸ್ಥಾನ ಪಡೆದು, ಶ್ರೀಮಂತನೆಂದು ಪೂರ್ಣ ಶುಲ್ಕ ತೆರುತ್ತಾನೆ. 2016ರಲ್ಲಿ ಬಡ್ಡಿರಹಿತ ಸಾಲದ ಭರವಸೆ ಕೊಡಲಾಗಿತ್ತೆಂದು ಕೆಲವರು ಸಮಾಧಾನ ಹೇಳುತ್ತಾರೆ. ಬಡ್ಡಿ ಇಲ್ಲದಿದ್ದರೂ ಸಾಲ ಸಾಲವೇ. ನೆರೆಮನೆಯವನಿಗೆ ಮಾಫಿ, ಇವನಿಗೆ ಋಣ, ಇದು ಯಾವ ನ್ಯಾಯ?

ಇಲ್ಲಿಯವರೆಗಿನ ಅಪರಾಧ ಸರ್ಕಾರದ್ದು. ಮುಂದಿನದು ವ್ಯಾಪಾರಿ ಸಮಾಜದ್ದು. ಸಂಬಳದಾರನ ಆದಾಯ ಕಾಗದದ ಮೇಲೆ ಅಚ್ಚಾಗಿರುತ್ತದೆ. ಅವನು ಮುಚ್ಚಿಡಬೇಕೆಂದರೂ ಸಾಧ್ಯವಿಲ್ಲ. ಕಿರಾಣಿ, ಜವಳಿ, ಪಾತ್ರೆಗಳ ವರ್ತಕನಿಗೆ ಅದು ಸಾಧ್ಯ. ನಾಡಕಚೇರಿಯಿಂದ 4 ಲಕ್ಷದ 90 ಸಾವಿರದ ಪ್ರಮಾಣಪತ್ರ ತಂದು, ಅದೇ ವಾರ ಮಗನ ಯಶಸ್ಸಿಗೆ ಊರಿಗೆಲ್ಲ ಊಟ ಹಾಕಿಸಿದರೆ, ಅದನ್ನು ಜಾಣತನವೆಂದು ಹೊಗಳುವ ನಾಲಗೆಗಳಿಗೆ ಬರವಿಲ್ಲ. ತೂಕದಲ್ಲಿ ಮೋಸ ಮಾಡದವನೂ ಈ ಒಂದು ಕಾಗದದಲ್ಲಿ ಮಾಡುತ್ತಾನೆ. ನಿಯಮವೇ ಸುಳ್ಳಿಗೆ ಬಹುಮಾನವಿಟ್ಟಿದೆಯೆಂಬುದು ವಿವರಣೆಯಾದೀತು, ಕ್ಷಮೆಯಾಗದು. ಅದೇ ಬೀದಿಯಲ್ಲಿ 5 ಲಕ್ಷದ 20 ಸಾವಿರವೆಂದು ನಿಜವನ್ನೇ ಬರೆಸಿದವನು ಪ್ರತಿವರ್ಷ ಪೂರ್ಣ 2 ಲಕ್ಷ ಕಟ್ಟುತ್ತಾನೆ. ಅವನಿಗೆ ಹಾರ ಹಾಕಿದವರಿಲ್ಲ.

ಬಸದಿಗಳ ಟ್ರಸ್ಟುಗಳು ವಿದ್ಯಾರ್ಥಿವೇತನ ಹಂಚುವಾಗ ಸರ್ಕಾರದ ಗೆರೆಯನ್ನೇ ನಕಲು ಮಾಡಿದರೆ ಈ ಅನ್ಯಾಯ ಇಮ್ಮಡಿಯಾಗುತ್ತದೆ: ಸುಳ್ಳು ಕಾಗದದವನಿಗೆ ಎರಡು ಬಾರಿ ಲಾಭ, ನಿಜ ಹೇಳಿದವನಿಗೆ ಎರಡು ಬಾರಿ ನಷ್ಟ. ಟ್ರಸ್ಟಿಗೆ ಅರ್ಜಿ ಬಂದಾಗ ನಾಡಕಚೇರಿಯ ಚೀಟಿಯನ್ನು ಪಕ್ಕಕ್ಕಿಟ್ಟು, ಆ ಮನೆಯ ಎರಡು ವರ್ಷಗಳ ಖಾತೆಪುಸ್ತಕವನ್ನು ಕೇಳಲಿ. ವ್ಯಾಪಾರಿಗಳೇ ಕೂಡಿರುವ ಆಡಳಿತ ಮಂಡಳಿಗೆ ಅದನ್ನು ಓದಲು ಅರ್ಧ ಗಂಟೆ ಸಾಕು. 5 ಲಕ್ಷ ದಾಟಿದೊಡನೆ ನೆರವನ್ನು ಕತ್ತರಿಸದೆ, 8 ಲಕ್ಷದವರೆಗೆ ಆದಾಯ ಏರಿದಂತೆ ಸ್ವಲ್ಪಸ್ವಲ್ಪವಾಗಿ ಇಳಿಸುತ್ತ ಹೋಗಲಿ. ಸ್ಥಾನ ಸಿಕ್ಕ ಮೇಲೆ ಶಾಲು ಹೊದಿಸುವ ಸಮಾರಂಭಕ್ಕೆ ತೆಗೆದಿಡುವ ಹಣದಿಂದಲೇ ಈ ಕೆಲಸವನ್ನು ಮುಂದಿನ ಜೂನ್‌ನಲ್ಲಿ ಆರಂಭಿಸಬಹುದು.