ಕೋಡಿ ಇಲ್ಲದ ಕೆರೆ

ನೀರಾವರಿ ಇಲಾಖೆಯಲ್ಲಿ ಕೆರೆ-ಕಾಲುವೆಗಳ ನಡುವೆ ದುಡಿದು ನಿವೃತ್ತನಾದವನು ನಾನು. ಏರಿ ಒಡೆದಾಗ ನಾವು ನೀರನ್ನು ಬೈಯುತ್ತಿರಲಿಲ್ಲ. ಕೋಡಿ ಸರಿಯಿತ್ತೇ, ತೂಬು ಕಟ್ಟಿಕೊಂಡಿತ್ತೇ ಎಂದು ನೋಡುತ್ತಿದ್ದೆವು. ಮೊಬೈಲಿಗೆ ಅಂಟಿಕೊಂಡ ಹರೆಯದ ಮಕ್ಕಳ ವಿಷಯದಲ್ಲಿ ಮಾತ್ರ ‘ಸಂಸ್ಕಾರವಿಲ್ಲ’ ಎಂದು ಒಂದೇ ಮಾತಿಗೆ ತೀರ್ಪು ಕೊಡುತ್ತೇವೆ. ಪ್ರವಚನಗಳಲ್ಲೂ ಇದನ್ನೇ ಕೇಳುತ್ತಿದ್ದೇನೆ. ನನಗೆ ಇದು ಒಪ್ಪಿಗೆಯಿಲ್ಲ.

ಮೊದಲು ಯಂತ್ರವನ್ನು ನೋಡೋಣ. ಹಿಂದೆ ಪರದೆಯ ಮೇಲಿನ ಪುಟ ಮುಗಿಯುತ್ತಿತ್ತು, ಮುಂದಿನದಕ್ಕೆ ಗುಂಡಿ ಒತ್ತಬೇಕಿತ್ತು. ಆ ಕ್ಷಣದಲ್ಲಿ ‘ಸಾಕು’ ಎನ್ನಲು ಎಡೆಯಿತ್ತು. 2006ರಲ್ಲಿ ಏಜಾ ರಾಸ್ಕಿನ್ ಎಂಬ ಅಮೆರಿಕದ ವಿನ್ಯಾಸಕಾರರು ಬೆರಳು ಸರಿಸಿದಷ್ಟೂ ಮುಗಿಯದ ಪುಟವನ್ನು ರೂಪಿಸಿದರು. ಮುಂದೆ ಅದಕ್ಕಾಗಿ ಬಹಿರಂಗವಾಗಿಯೇ ವಿಷಾದಪಟ್ಟರು. ನನ್ನ ಕಸುಬಿನ ಮಾತಲ್ಲಿ ಹೇಳುವುದಾದರೆ ಅದು ಕೋಡಿ ಇಲ್ಲದ ಕೆರೆ. ಇದರ ಜೊತೆಗೆ ಇನ್ನೊಂದು ಹಳೆಯ ತಂತ್ರ ಸೇರಿದೆ. ಕಾಳು ಯಾವಾಗ ಬೀಳುತ್ತದೆಂದು ಗೊತ್ತಿಲ್ಲದಿದ್ದರೆ ಪಾರಿವಾಳ ಬಿಡದೆ ಕುಕ್ಕುತ್ತಲೇ ಇರುತ್ತದೆಂದು ಮನಶ್ಶಾಸ್ತ್ರಜ್ಞ ಬಿ.ಎಫ್. ಸ್ಕಿನ್ನರ್ ಎಂದೋ ತೋರಿಸಿದ್ದರು. ರೀಲ್ಸ್ ಕೂಡ ಹಾಗೆಯೇ. ಹತ್ತು ಸಪ್ಪೆ, ಹನ್ನೊಂದನೆಯದು ರುಚಿ. ತನ್ನನ್ನು ತಾನು ತಡೆದುಕೊಳ್ಳುವ ಶಕ್ತಿ ಇನ್ನೂ ಬಲಿಯದ ಹದಿನಾಲ್ಕರ ಹುಡುಗನನ್ನು ಇದರೆದುರು ಕೂರಿಸಿ, ಆಮೇಲೆ ಅವನ ಮನೋಬಲ ಅಳೆಯುತ್ತೇವೆ!

ಯಂತ್ರದ ತಪ್ಪೊಂದೇ ಅಲ್ಲ. 2020ರಲ್ಲಿ ಶಾಲೆ ಮುಚ್ಚಿದಾಗ ಫೋನನ್ನು ಮಕ್ಕಳ ಕೈಗಿಟ್ಟವರು ನಾವೇ. ಶಾಲೆ ತೆರೆದ ಮೇಲೂ ಹೋಂವರ್ಕ್ ವಾಟ್ಸಾಪ್‌ನಲ್ಲೇ ಉಳಿಯಿತು. ಆಡುವ ಬಯಲುಗಳು ಸೈಟುಗಳಾದವು. (ಆ ನಕ್ಷೆಗಳಿಗೆ ಸಹಿ ಹಾಕಿದವರಲ್ಲಿ ನನ್ನಂಥ ಇಂಜಿನಿಯರುಗಳೂ ಇದ್ದಾರೆ.) ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲೇ ಇದಕ್ಕೆಂದು ‘ಶಟ್’ ಕ್ಲಿನಿಕ್ ತೆರೆಯಿತು. ಅಂದರೆ ಇದು ವೈದ್ಯರು ಗಂಭೀರವಾಗಿ ತೆಗೆದುಕೊಂಡ ಸಂಗತಿ, ಬರೀ ಬೈಗುಳದಿಂದ ಹೋಗುವಂಥದ್ದಲ್ಲ.

ಇನ್ನು ಮನೆ. ಕಳೆದ ತಿಂಗಳು ಮೊಮ್ಮಗನಿಗೆ ಬುದ್ಧಿ ಹೇಳಲು ಹೋದೆ. ಅವನು ತಲೆ ಎತ್ತದೆ ಕೇಳಿದ: “ಅಜ್ಜಾ, ನೀವು ಪೂಜಿಗೆ ಕುಂತಾಗ ಫೋನ್ ಎಲ್ಲಿರತೈತಿ?”

ಮಣೆಯ ಬಲಕ್ಕೆ ಇರುತ್ತದೆ. ಎಡ ಅಂಗೈಯಲ್ಲಿ ಇಷ್ಟಲಿಂಗ, ಬಲಗೈಗೆ ಎಟುಕುವಷ್ಟು ದೂರದಲ್ಲಿ ಬಸವ ಬಳಗದ ವಾಟ್ಸಾಪ್. ಅಂಗೈಯ ಮೇಲೆ ದೃಷ್ಟಿ ನಿಲ್ಲಿಸುವ ಸಾಧನೆಯನ್ನು ಶರಣರು ಎಲ್ಲರಿಗೂ ಕೊಟ್ಟರು. ಅದನ್ನು ಮಾಡುತ್ತಲೇ ಕಣ್ಣು ಕದಿಯುವ ಅಜ್ಜನನ್ನು ಹುಡುಗ ದಿನಾ ನೋಡುತ್ತಿದ್ದ. ನನಗೆ ಉತ್ತರ ಹೊಳೆಯಲಿಲ್ಲ.

ನಮ್ಮ ಮಠಗಳ ಕೈಯಲ್ಲಿ ಶಾಲೆಗಳಿವೆ, ಪ್ರಸಾದ ನಿಲಯಗಳಿವೆ. ಹೋಂವರ್ಕನ್ನು ಮತ್ತೆ ನೋಟುಬುಕ್ಕಿಗೆ ತರಲು ಯಾರ ಅಪ್ಪಣೆಯೂ ಬೇಕಿಲ್ಲ. ಸಂಜೆ ಹೊತ್ತು ಮಠದ ಅಂಗಳವನ್ನು ಆಟಕ್ಕೆ ಬಿಟ್ಟುಕೊಡಬಹುದು. ಶ್ರಾವಣದ ಪ್ರವಚನದಲ್ಲಿ ಮೊದಲ ಸಾಲಿನಲ್ಲಿ ಕೂತ ಹಿರಿಯರೇ ಫೋನ್ ಎತ್ತಿ ವಿಡಿಯೋ ಮಾಡುವುದನ್ನು ಪೂಜ್ಯರು ತಡೆಯಬಹುದು. ಹುಡುಗರಿಗೆ ಹೇಳುವುದು ಆಮೇಲೆ.

ಈಗ ನಮ್ಮ ಮನೆಯಲ್ಲಿ ರಾತ್ರಿ ಎಂಟಕ್ಕೆ ಎಲ್ಲರ ಫೋನೂ ಅಡುಗೆಮನೆಯ ಮಾಡಿನಲ್ಲಿ ಸೇರುತ್ತವೆ. ಬೆಳಗಿನ ಪೂಜೆ ಮುಗಿಯುವವರೆಗೆ ನನ್ನದೂ ಅಲ್ಲೇ. ಮೊದಲ ರಾತ್ರಿ ಮೊಮ್ಮಗ ಮೂರು ಸಲ ಎದ್ದು ಬಂದ. ನಾನು ನಾಲ್ಕು ಸಲ.