ಕಾಲು ಗಟ್ಟಿ ಇರುವಾಗಲೇ ಕರೆಯಿರಿ

2019ರ ಮೇ 26. ಇಪ್ಪತ್ತು ವರ್ಷದ ಹಿಂದೆ ಒಂದೇ ಸೀಸನ್‌ನಲ್ಲಿ ಮೂರು ಕಪ್ ಗೆದ್ದಿದ್ದ ಮ್ಯಾಂಚೆಸ್ಟರ್ ಯುನೈಟೆಡ್ ತಂಡದವರು ಓಲ್ಡ್ ಟ್ರಾಫರ್ಡ್ ಮೈದಾನಕ್ಕೆ ಮತ್ತೆ ಇಳಿದರು. ಎದುರಿಗೆ ಬಯರ್ನ್ ಮ್ಯೂನಿಕ್‌ನ ಹಳೆಯ ಆಟಗಾರರು. ಹೊಟ್ಟೆ ಬಂದಿತ್ತು, ಕೂದಲು ಹೋಗಿತ್ತು, ಆದರೂ ಯುನೈಟೆಡ್ 5–0 ಗೆದ್ದಿತು. ಕೊನೆಯ ಗೋಲು ಡೇವಿಡ್ ಬೆಕ್‌ಹ್ಯಾಂದು. ಬಿಟಿಎಂ ಲೇಔಟ್‌ನಲ್ಲಿ ನಾವು ವಾರಕ್ಕೊಮ್ಮೆ ಆಡುವ ಟರ್ಫ್ ಗ್ರೂಪ್‌ನಲ್ಲಿ ಆ ಕ್ಲಿಪ್ ಈಗಲೂ ಆಗಾಗ ಫಾರ್ವರ್ಡ್ ಆಗುತ್ತೆ. ಗ್ರೂಪ್‌ನಲ್ಲಿ ಆರು ಜನರ ಜೆರ್ಸಿ ನಂಬರ್ ಏಳು, ಇನ್ನೇನು ಹೇಳೋದು!

ಅದೇ ವರ್ಷ ಆಗಸ್ಟ್‌ನಲ್ಲಿ ಕೋಲ್ಕತ್ತದಲ್ಲೂ ಇಂಥದ್ದೊಂದು ಹಬ್ಬ ನಡೆಯಿತು. 1920ರಲ್ಲಿ ಹುಟ್ಟಿದ ಈಸ್ಟ್ ಬೆಂಗಾಲ್ ಕ್ಲಬ್ ತನ್ನ ನೂರನೇ ವರ್ಷಕ್ಕೆ ಹಳೆಯ ಆಟಗಾರರನ್ನೆಲ್ಲ ಕರೆಸಿತು. ಎಂಬತ್ತರ ದಶಕದಲ್ಲಿ ಆಡಿ ಇರಾನ್‌ಗೆ ವಾಪಸ್ ಹೋಗಿದ್ದ ಮಜೀದ್ ಬಿಶ್ಕರ್ ಮೂರು ದಶಕದ ನಂತರ ಬಂದಿಳಿದರೆ, ಅಭಿಮಾನಿಗಳು ಏರ್‌ಪೋರ್ಟ್‌ನಲ್ಲೇ ಮುತ್ತಿಕೊಂಡರು. ಅವರಲ್ಲಿ ಎಷ್ಟೋ ಹುಡುಗರು ಮಜೀದ್ ಆಟ ಬಿಟ್ಟ ಮೇಲೆ ಹುಟ್ಟಿದವರು. ಅಪ್ಪ, ಚಿಕ್ಕಪ್ಪ ಹೇಳಿದ ಕಥೆ ಕೇಳಿಯೇ ಓಡಿ ಬಂದವರು.

ಆ ಹಬ್ಬದಲ್ಲಿ ನಮ್ಮ ಬೆಂಗಳೂರಿನವರೊಬ್ಬರು ಮುಂದಿನ ಸಾಲಿನಲ್ಲಿ ಕೂತಿರಬೇಕಿತ್ತು. ಅಹ್ಮದ್ ಖಾನ್. 1948ರ ಲಂಡನ್ ಮತ್ತು 1952ರ ಹೆಲ್ಸಿಂಕಿ, ಎರಡೂ ಒಲಿಂಪಿಕ್ಸ್ ಆಡಿದವರು. 1951ರಲ್ಲಿ ದೆಹಲಿಯ ಮೊದಲ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಗೆದ್ದ ತಂಡದಲ್ಲಿದ್ದವರು. ಈಸ್ಟ್ ಬೆಂಗಾಲ್‌ನ ಐವರು ಫಾರ್ವರ್ಡ್‌ಗಳಿಗೆ ಬಂಗಾಳಿಗಳು ಇಟ್ಟ ಹೆಸರು ‘ಪಂಚ ಪಾಂಡವರು’. ಅದರಲ್ಲಿ ಇವರೂ ಒಬ್ಬರು. ಆ ಐವರ ಕಾಲದಲ್ಲೇ ಕ್ಲಬ್ 1949, 50, 51, ಸತತ ಮೂರು ವರ್ಷ ಐಎಫ್‌ಎ ಶೀಲ್ಡ್ ಗೆದ್ದಿತು. ಆಟ ಮುಗಿಸಿ ಬೆಂಗಳೂರಿಗೆ ಬಂದು ನೆಲೆಸಿದ ಅಹ್ಮದ್ ಖಾನ್, 2017ರ ಆಗಸ್ಟ್‌ನಲ್ಲಿ ತಮ್ಮ 90ನೇ ವಯಸ್ಸಿನಲ್ಲಿ ಇಲ್ಲೇ ತೀರಿಕೊಂಡರು. ನೂರರ ಹಬ್ಬಕ್ಕೆ ಇನ್ನೆರಡೇ ವರ್ಷ ಬಾಕಿ ಇತ್ತು.

ಈಗ ನಮ್ಮ ಕಡೆಗೆ ಬರೋಣ. ಜಯನಗರ, ಜೆ.ಪಿ. ನಗರ, ಬನಶಂಕರಿಯವರಿಗೆ ಫುಟ್‌ಬಾಲ್ ಅಂದರೆ ಶನಿವಾರ ರಾತ್ರಿಯ ಪ್ರೀಮಿಯರ್ ಲೀಗ್, ಗಂಟೆ ಲೆಕ್ಕದಲ್ಲಿ ಬುಕ್ ಮಾಡುವ ಟರ್ಫ್, ಕಂಠೀರವದಲ್ಲಿ ಬೆಂಗಳೂರು ಎಫ್‌ಸಿ ಮ್ಯಾಚ್. ನಮ್ಮ ರಸ್ತೆಗಳು ಮೊದಲಿಂದಲೂ ಕ್ರಿಕೆಟ್‌ನವು. ಫುಟ್‌ಬಾಲ್ ಬೇರು ಬಿಟ್ಟಿದ್ದು ಆ ಕಡೆಯ ದಂಡು ಪ್ರದೇಶದಲ್ಲಿ: ಹಲಸೂರು, ಗೌತಮಪುರ, ಆಸ್ಟಿನ್ ಟೌನ್, ಶಿವಾಜಿನಗರ. ಬ್ರಿಟಿಷ್ ಸೈನಿಕರ ಆಟವನ್ನು ಅಲ್ಲಿನ ಹುಡುಗರು ತಮ್ಮದು ಮಾಡಿಕೊಂಡರು. ಗೌತಮಪುರಕ್ಕೆ ಹೋದರೆ ಪೆಲೆಯ ಪ್ರತಿಮೆಯೇ ಇದೆ, ನೋಡಿ ಬನ್ನಿ.

ಆ ಗಲ್ಲಿಗಳ ಸಾಧನೆ ಸಣ್ಣದಲ್ಲ. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ಎಂಬ ತಂಡ ಮುಂಬೈಗೆ ಹೋಗಿ ರೋವರ್ಸ್ ಕಪ್ ಗೆದ್ದಿತು. 1891ರಿಂದ ನಡೆಯುತ್ತಿದ್ದ ಆ ಟೂರ್ನಿಯನ್ನು ಅಲ್ಲಿಯವರೆಗೆ ಮಿಲಿಟರಿ ತಂಡಗಳೇ ಹಂಚಿಕೊಂಡಿದ್ದವು. ಮರುವರ್ಷ ಮತ್ತೆ ಇವರೇ ಗೆದ್ದರು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತ 1–2ರಲ್ಲಿ ಸೋತಿತು, ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಲ್ಲೇ ಆಡಿದ್ದರು. ಅಂದಿನ ಒಂದೇ ಒಂದು ಗೋಲು ಮೈಸೂರು ರಾಜ್ಯದ ಆಟಗಾರ ಸಾರಂಗಪಾಣಿ ರಾಮನ್ ಅವರದು. ಒಲಿಂಪಿಕ್ಸ್ ಫುಟ್‌ಬಾಲ್‌ನಲ್ಲಿ ಭಾರತದ ಮೊದಲ ಗೋಲು ಅದು! 1956ರಲ್ಲಿ ಮೆಲ್ಬರ್ನ್‌ನಲ್ಲಿ ನಾಲ್ಕನೇ ಸ್ಥಾನ ಪಡೆದ ತಂಡದಲ್ಲಿ ಕೆಂಪಯ್ಯ ಇದ್ದರು, 1960ರ ರೋಮ್‌ನಲ್ಲೂ ಇದ್ದರು. ಕೆಂಪಯ್ಯ! ನಮ್ಮೂರ ತಾತನ ಹೆಸರಿನ ಹಾಗೇ ಇದೆ ಅಲ್ವಾ?

ಇವರೆಲ್ಲ ನಮಗೆ ಯಾಕೆ ಗೊತ್ತಿಲ್ಲ? ಒಂದು ಕಾರಣ ಸರಳ. ದುಡ್ಡು, ಹೆಸರು ಎರಡೂ ಕೋಲ್ಕತ್ತದಲ್ಲಿತ್ತು. ಒಳ್ಳೆಯ ಆಟಗಾರ ಇಲ್ಲಿ ಬೆಳೆದು ಅಲ್ಲಿ ಸ್ಟಾರ್ ಆಗುತ್ತಿದ್ದ. ಅಹ್ಮದ್ ಖಾನ್ ಹೋದರು, ಕೆಂಪಯ್ಯ ಮೋಹನ್ ಬಗಾನ್‌ಗೆ ಹೋದರು, ಆಸ್ಟಿನ್ ಟೌನ್‌ನ ಕಾರ್ಲ್‌ಟನ್ ಚಾಪ್‌ಮನ್ ಈಸ್ಟ್ ಬೆಂಗಾಲ್‌ಗೆ ಹೋದರು. ಅಲ್ಲಿ ಕ್ಲಬ್‌ಗೆ ನೂರು ವರ್ಷದ ನೆನಪಿದೆ, ಲಕ್ಷಾಂತರ ಅಭಿಮಾನಿಗಳಿದ್ದಾರೆ. ಹೆಸರು ಉಳಿಯಿತು.

ಇಲ್ಲೇ ಉಳಿದವರ ಕಥೆ ಬೇರೆ. ಅವರು ಆಡಿದ್ದು ಐಟಿಐ, ಎಚ್‌ಎಎಲ್‌ನಂಥ ಕಾರ್ಖಾನೆ ತಂಡಗಳಿಗೆ. ಆಟದ ಕೋಟಾದಲ್ಲಿ ಕೆಲಸ, ತಿಂಗಳಿಗೆ ಸಂಬಳ, ಸಂಜೆ ಲೀಗ್ ಮ್ಯಾಚ್. ಮಧ್ಯಮ ವರ್ಗದ ಎಷ್ಟೋ ಮನೆಗಳಲ್ಲಿ ಒಲೆ ಉರಿದದ್ದು ಹಾಗೆ. ಆದರೆ ಕಾರ್ಖಾನೆಗೆ ಫುಟ್‌ಬಾಲ್ ಒಂದು ವಿಭಾಗ ಅಷ್ಟೇ. ಎಚ್‌ಎಎಲ್ 2011–12ರವರೆಗೂ ಐ-ಲೀಗ್‌ನಲ್ಲಿತ್ತು; ಆ ಸೀಸನ್ ಮುಗಿದಾಗ ಕೆಳಗಿಳಿಯಿತು. 2013ರಲ್ಲಿ ಬೆಂಗಳೂರು ಎಫ್‌ಸಿ ಹುಟ್ಟಿ, ಆಡಿದ ಮೊದಲ ಸೀಸನ್‌ನಲ್ಲೇ ಐ-ಲೀಗ್ ಗೆದ್ದಿತು. ನಮ್ಮಂಥವರ ಬೆಂಗಳೂರು ಫುಟ್‌ಬಾಲ್ ಶುರುವಾಗುವುದೇ ಅಲ್ಲಿಂದ. ಹಳೆಯ ಮ್ಯಾಚ್‌ಗಳ ವಿಡಿಯೋ ಇಲ್ಲ, ಯಾರು ಎಷ್ಟು ಗೋಲು ಹೊಡೆದರು ಅಂತ ಹುಡುಕಲು ಒಂದು ಆ್ಯಪ್ ಇಲ್ಲ. ಜೊತೆಗೆ ಆಡಿದವರ ತಲೆಯಲ್ಲಿ ಇದ್ದಷ್ಟೇ ದಾಖಲೆ.

ಹಾಗಾಗಿ ಹಳೆಯ ಆಟಗಾರರ ಕೂಟ ನನಗೆ ಬರೀ ಶಾಲು, ಹಾರ, ಪೇಟದ ಕಾರ್ಯಕ್ರಮವಾಗಿ ಕಾಣುವುದಿಲ್ಲ. ಕಳೆದ ವರ್ಷ ನನ್ನ ಟೀಮ್‌ಮೇಟ್ ಒಬ್ಬ ಅವನ ಅಪ್ಪನ ಜೊತೆ ಇಂಥ ಕೂಟಕ್ಕೆ ನನ್ನನ್ನೂ ಕರೆದುಕೊಂಡು ಹೋಗಿದ್ದ. ಬನಶಂಕರಿಯ ಒಂದು ಸಣ್ಣ ಹಾಲ್, ಸುಮಾರು ಮೂವತ್ತು ಜನ, ಎಲ್ಲರೂ ಅರವತ್ತು ದಾಟಿದವರು. ಭಾಷಣ ಹತ್ತು ನಿಮಿಷದಲ್ಲಿ ಮುಗಿಯಿತು, ಪುಣ್ಯಕ್ಕೆ. ಆಮೇಲೆ ಕಾಫಿ, ಉದ್ದಿನ ವಡೆ, ಮತ್ತು ಒಂದು ಕಪ್ಪು-ಬಿಳುಪು ಫೋಟೋ.

ಫೋಟೋದಲ್ಲಿ ಹದಿನಾರು ಜನ. ಹಿಂದೆ ಪೆನ್ಸಿಲ್‌ನಲ್ಲಿ ಹನ್ನೆರಡು ಹೆಸರು. ಉಳಿದ ನಾಲ್ಕು ಯಾರು? ಶುರುವಾಯಿತು ನೋಡಿ.

‘ಲೋ, ಇವನು ಲೆಫ್ಟ್ ಔಟ್ ಆಡ್ತಿದ್ನಲ್ಲ, ಸೈಕಲ್‌ನಲ್ಲಿ ಬರೋನು.’

‘ಅವನಲ್ಲ ಗುರು, ಅವನ ತಮ್ಮ. ಅಣ್ಣ ಗೋಲ್‌ಕೀಪರ್.’

ಕನ್ನಡ, ತಮಿಳು, ಉರ್ದು ಮೂರೂ ಭಾಷೆಯಲ್ಲಿ ಜಗಳ. ಅರ್ಧ ಗಂಟೆಯಲ್ಲಿ ಮೂರು ಹೆಸರು ಸಿಕ್ಕವು. ನಾಲ್ಕನೆಯದು ಸಿಗಲಿಲ್ಲ. ಅದು ಗೊತ್ತಿದ್ದವರು ಹೋದ ಡಿಸೆಂಬರ್‌ನಲ್ಲಿ ಹೋಗಿಬಿಟ್ಟರು ಅಂತ ಯಾರೋ ಅಂದರು. ಹಾಲ್ ಒಂದು ನಿಮಿಷ ತಣ್ಣಗಾಯಿತು. ‘ಇದನ್ನ ಐದು ವರ್ಷ ಮುಂಚೆ ಮಾಡಬೇಕಿತ್ತಪ್ಪ’ ಅಂತ ಅಂಕಲ್ ನಮ್ಮಿಬ್ಬರ ಕಡೆ ತಿರುಗಿ ಹೇಳಿದರು. ನನ್ನ ಫ್ರೆಂಡ್ ತಕ್ಷಣ ಫೋಟೋದ ಎರಡೂ ಬದಿ ಸ್ಕ್ಯಾನ್ ಮಾಡಿ, ಹೆಸರುಗಳನ್ನು ಟೈಪ್ ಮಾಡಿ, ಅಲ್ಲೇ ಒಂದು ಗ್ರೂಪ್ ಮಾಡಿ ಹಾಕಿದ.

ವಯಸ್ಸಾದವರ ವಿಷಯ ಮಾತ್ರ ಅಂದುಕೊಳ್ಳಬೇಡಿ. ಚಾಪ್‌ಮನ್ ಅವರನ್ನೇ ನೋಡಿ. 1993ರಲ್ಲಿ ಏಷ್ಯನ್ ಕಪ್ ವಿನ್ನರ್ಸ್ ಕಪ್‌ನಲ್ಲಿ ಇರಾಕ್‌ನ ಅಲ್ ಜವ್ರಾ ವಿರುದ್ಧ ಹ್ಯಾಟ್ರಿಕ್ ಹೊಡೆದರು. ಈಸ್ಟ್ ಬೆಂಗಾಲ್ ಅಂದು ಗೆದ್ದಿದ್ದು 6–2ರಲ್ಲಿ. 1996–97ರಲ್ಲಿ ಜೆಸಿಟಿ ಪರ ಮೊದಲ ರಾಷ್ಟ್ರೀಯ ಲೀಗ್ ಗೆದ್ದರು, 2000–01ರಲ್ಲಿ ಈಸ್ಟ್ ಬೆಂಗಾಲ್ ಕ್ಯಾಪ್ಟನ್ ಆಗಿ ಮತ್ತೆ ಗೆದ್ದರು, ಭಾರತ ತಂಡದ ನಾಯಕರಾದರು. 2020ರ ಅಕ್ಟೋಬರ್ 12ರಂದು ಬೆಂಗಳೂರಿನಲ್ಲಿ ಹೃದಯಾಘಾತದಿಂದ ತೀರಿಕೊಂಡಾಗ ಅವರಿಗೆ ಬರೀ 49. ‘ಮುಂದಿನ ವರ್ಷ ಕರೆದು ಸನ್ಮಾನ ಮಾಡೋಣ’ ಅನ್ನುವ ಮಾತಿಗೆ ಅರ್ಥವೇ ಇಲ್ಲ.

2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಕರ್ನಾಟಕ ತಂಡ ಮೇಘಾಲಯವನ್ನು 3–2ರಲ್ಲಿ ಸೋಲಿಸಿ ಸಂತೋಷ್ ಟ್ರೋಫಿ ಗೆದ್ದಾಗ, 54 ವರ್ಷದ ಮೇಲೆ ಗೆದ್ದರು ಅಂತ ನಾವೆಲ್ಲ ಸ್ಟೇಟಸ್ ಹಾಕಿದೆವು. ಅದಕ್ಕೆ ಮುಂಚೆ ಗೆದ್ದಿದ್ದು 1968–69ರಲ್ಲಿ, ಮೈಸೂರು ಹೆಸರಿನಲ್ಲಿ. ಈಗ ಗೆದ್ದ ಹುಡುಗರೂ ಒಂದು ದಿನ ಹಳಬರಾಗುತ್ತಾರೆ. ಅವರ ಹೆಸರು, ಫೋಟೋ, ಮಾತು ಈಗಲೇ ಒಂದು ಕಡೆ ಕೂಡಿಟ್ಟರೆ ಸಾಕು, ಇನ್ನು 54 ವರ್ಷ ಆದಮೇಲೆ ಯಾರೂ ಪೆನ್ಸಿಲ್ ಬರಹ ನೋಡಿ ತಲೆ ಕೆರೆದುಕೊಳ್ಳಬೇಕಿಲ್ಲ.

ನಮ್ಮ ಕೈಲಿ ಆಗೋದು ಇಷ್ಟು. ನಿಮ್ಮ ಅಪಾರ್ಟ್‌ಮೆಂಟ್‌ನಲ್ಲಿ ದಿನಾ ವಾಕಿಂಗ್ ಮಾಡುವ, ಮೊಣಕಾಲು ಹಿಡಿದುಕೊಂಡು ಮೆಟ್ಟಿಲು ಹತ್ತುವ ಒಬ್ಬ ಅಂಕಲ್ ಇದ್ದರೆ, ಎಲ್ಲಿ ಕೆಲಸ ಮಾಡ್ತಿದ್ರಿ, ಆಟ ಆಡ್ತಿದ್ರಾ ಅಂತ ಕೇಳಿ. ಉತ್ತರ ಬಂದರೆ ಫೋನ್‌ನಲ್ಲಿ ರೆಕಾರ್ಡ್ ಮಾಡಿ, ಅವರನ್ನು ಕೇಳಿಯೇ ಮಾಡಿ. ಯಾವ ತಂಡ, ಯಾವ ವರ್ಷ, ಜೊತೆಗೆ ಯಾರು ಆಡಿದರು, ಈ ಮೂರು ಪ್ರಶ್ನೆ ಮರೆಯಬೇಡಿ. ಹಳೆಯ ಫೋಟೋ ಇದ್ದರೆ ಹಿಂಬದಿಯನ್ನೂ ತೆಗೆಯಿರಿ. ಮುಂದಿನ ಟರ್ಫ್ ಸ್ಲಾಟ್‌ಗೆ ಅವರನ್ನು ಕರೆಯಿರಿ. ಟಾಸ್ ಹಾಕಲಿ, ಮನಸ್ಸಾದರೆ ಒಂದು ಪೆನಾಲ್ಟಿ ಹೊಡೆಯಲಿ. ಗೋಲಿಯಾಗಿ ನಿಲ್ಲುವವರು ಮಾತ್ರ ಸ್ವಲ್ಪ ಹುಷಾರು. ವಯಸ್ಸು ಕಾಲಿಗೆ ಆಗಿರಬಹುದು, ಗುರಿಗೆ ಆಗಿರೋದಿಲ್ಲ.